ಇಲಿ ಮುಟ್ಟದ ಬೀಜ

"ಬೀಬಕ್ಕಾ, ಏ ಬೀಬಕ್ಕಾ! ಈ ಸಲ ನಿನ್ನ ಬೀಜ ಇಲಿಗೆ ಹಬ್ಬದೂಟ ಆದ್ವಲ್ಲ ಬೇ!"

ಹಿತ್ತಲಗೋಡೆಯ ಆಚೆಯಿಂದ ಮೊದಲು ದನಿ ಬಂತು, ಆಮೇಲೆ ಗಿರಿಜವ್ವನ ತಲೆ ಬಂತು. ಗೋಡೆ ಎದೆಮಟ್ಟದ್ದೇ, ಆದರೆ ಗಿರಿಜವ್ವ ಗಿಡ್ಡಿ. ಏನಾದರೂ ಹೇಳುವುದಿದ್ದರೆ ಅತ್ತ ಕಡೆ ಇಟ್ಟಿದ್ದ ಒಡೆದ ಒರಳುಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಎರಡೂ ಮನೆಗಳ ಉಪ್ಪು, ಕೆಂಡ, ಮಜ್ಜಿಗೆ, ಜಗಳ ಎಲ್ಲ ದಾಟಿದ್ದು ಆ ಕಲ್ಲಿನ ಮೇಲಿಂದಲೇ.

ಬೀಬಿಜಾನ ಬಾವಿಯ ಪಕ್ಕದ ಬಂಡೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ರಮಜಾನಿನ ಒಂಬತ್ತನೆಯ ದಿನ. ಬೇಸಿಗೆ ಇನ್ನೂ ಪೂರ್ತಿ ಕಣ್ಣು ಬಿಟ್ಟಿರಲಿಲ್ಲ, ಆದರೂ ಅಥಣಿ ಕಡೆಯ ಬಿಸಿಲಿಗೆ ಅದೆಲ್ಲ ಲೆಕ್ಕವಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಏನಂದಿ?"

"ಏನಂತೀನಿ! ನೀ ಸೊಸಿ ಕೈಲೆ ಕಳಿಸಿದ ಕರಬೂಜದ ಬೀಜ ನಾಕ ಗುಂಡಿ ಹಾಕಿದ್ನಿ. ಇವತ್ತ ನೋಡ್ತೀನಿ, ನಾಕೂ ಗುಂಡಿ ಕೆದರಿ ಬಿಟ್ಟಾವ. ಮನಿಗೆ ಬಂದ ಪಾವಣ್ಯಾರು ಶೇಂಗಾ ತಿಂದಂಗ ಸಿಪ್ಪಿ ಅಲ್ಲೇ ಉಗುಳಿ ಹೋಗ್ಯಾವ."

ಬೀಬಿಜಾನ ನಕ್ಕಳು. "ನನ್ನ ಬೀಜ ಇಲಿ ಮುಟ್ಟೂದಿಲ್ಲ ಗಿರಿಜಾ. ನೀ ಎಲ್ಲೋ ಸೌತಿ ಬೀಜ ಹಾಕಿರಬೇಕ."

"ಮುಟ್ಟೂದಿಲ್ಲ ಅಂತ ನೀ ಐಗಳಿ ತನಕ ಡಂಗುರಾ ಹೊಡಿಸೀದಿ. ಇಲಿಗೆ ಡಂಗುರಾ ಕೇಳಿಸಿಲ್ಲ ನೋಡ."

ಡಂಗುರದ ಮಾತು ಸುಳ್ಳಲ್ಲ. ಬೀಬಿಜಾನಳ ಕರಬೂಜ ಅಂದರೆ ಸುತ್ತ ನಾಲ್ಕು ಹಳ್ಳಿಗೆ ಗೊತ್ತು. ಅವಳ ತವರು ಕೃಷ್ಣಾ ನದಿಯ ದಂಡೆ. ಲಗ್ನವಾಗಿ ಬರುವಾಗ ತಾಯಿ ಸೆರಗಿನ ತುದಿಗೆ ಕಟ್ಟಿ ಕಳಿಸಿದ ಹಿಡಿ ಬೀಜ ಅದು. ಹಣ್ಣಿನ ಸಿಪ್ಪೆಯ ಮೇಲೆ ಬಲೆಯ ಹಾಗೆ ಗೆರೆ, ಒಳಗೆ ಜೇನಿನ ಬಣ್ಣ. ಹಿತ್ತಲಲ್ಲಿ ಹಣ್ಣಾದರೆ ಬೀದಿಯಲ್ಲಿ ಹೋಗುವವರು ನಿಂತು ಮೂಗರಳಿಸುತ್ತಿದ್ದರು. ಅವಳು ಹಣ್ಣು ಮಾರುತ್ತಿರಲಿಲ್ಲ, ಬೀಜವನ್ನೂ ಮಾರುತ್ತಿರಲಿಲ್ಲ. ಕೇಳಿದವರಿಗೆ ಹತ್ತು ಬೀಜ ಎಣಿಸಿ ಕೊಟ್ಟು, "ಬಳ್ಳಿಗೆ ಬೆರಳ ಮಾಡಿ ತೋರಸಬ್ಯಾಡ, ಬೆರಳ ಮಡಚಿ ತೋರಸು" ಎಂದು ಹೇಳಿ ಕಳಿಸುತ್ತಿದ್ದಳು.

ಹಣ್ಣು ಕೊಯ್ದಾಗ ಬೀಜ ತೆಗೆದು ಬೂದಿಯಲ್ಲಿ ತಿಕ್ಕಿ ತೊಳೆದು, ನೀರಿಗೆ ಹಾಕಿ ನೋಡುವಳು. ತಳಕ್ಕೆ ಹೋಗಿ ಕೂತ ದಪ್ಪನೆಯವು ಬಿತ್ತುವುದಕ್ಕೆ. ಉಳಿದವು ಅಡಿಗೆಮನೆಗೆ, ಶರಬತ್ತಿಗೆ. ಎರಡಕ್ಕೂ ಬೂದಿ ಸವರಿ ಎರಡು ಚೀಲ. ಎರಡು ವರ್ಷದ ಹಿಂದೆ ಬಿತ್ತಿದ್ದನ್ನೆಲ್ಲ ಇಲಿ, ಗೆದ್ದಲು ಹಂಚಿಕೊಂಡು ತಿಂದವು. ಆಗ ಊರಿಗೆ ಬಂದಿದ್ದ ಕೃಷಿ ಇಲಾಖೆಯ ಖೇತಿ ಸಾಹೇಬರು ಒಂದು ಬಿಳಿ ಪುಡಿ ಕೊಟ್ಟಿದ್ದರು. ಬೀಜಕ್ಕೆ ಎಣ್ಣೆ ಕೈ ಸವರಿ ಮೇಲೆ ಪುಡಿ ತಿಕ್ಕಬೇಕು, ತೊಳೆದರೂ ಹೋಗಬಾರದು, ಮುಟ್ಟಿದ ಮೇಲೆ ಕೈಯನ್ನು ಎರಡು ಸಲ ತೊಳೆಯಬೇಕು ಎಂದಿದ್ದರು. "ವಿಷ ಐತಿ ನೋಡ್ರಿ ಅವ್ವಾರ, ಮಕ್ಕಳ ಕೈಗೆ ಸಿಗಬಾರದು" ಅಂತಲೂ ಅಂದಿದ್ದರು. ಅದಕ್ಕೇ ಬಿತ್ತುವ ಬೀಜದ್ದು ಸತ್ತ ಗಂಡ ಹುಸೇನನ ನೀಲಿ ಚೌಕಡಿ ಲುಂಗಿಯಿಂದ ಹೊಲಿದ ಚೀಲ. ಅದು ಹಿತ್ತಲ ಕೋಣೆಯ ಗೂಟಕ್ಕೆ, ಯಾರ ಕೈಗೂ ನಿಲುಕದಷ್ಟು ಎತ್ತರದಲ್ಲಿ. ಅಡಿಗೆಯದ್ದು ಬಿಳಿ ಚೀಲ, ಅದು ಒಲೆಯ ಮೇಲಿನ ಮಾಡದಲ್ಲಿ.

ಆ ಪುಡಿ ಹಚ್ಚಿದಂದಿನಿಂದ ಒಂದು ಇಲಿಯೂ ಅವಳ ಗುಂಡಿಯ ಸಮೀಪ ಸುಳಿದಿರಲಿಲ್ಲ.

"ನಿಲ್ಲ, ನಮ್ಮ ಗುಂಡಿ ತೋರಸ್ತೀನಿ ನಿನಗ" ಎಂದು ಬೀಬಿಜಾನ ಗೋಡೆ ಹಿಡಿದು ಎದ್ದಳು. ಬಾವಿಯ ಆಚೆ ಹನ್ನೊಂದು ಗುಂಡಿ. ನಾಲ್ಕು ದಿನದ ಹಿಂದೆ ಸೊಸೆ ಮದಿನಾಬಿ ಗೊಬ್ಬರ ಹಾಕಿ, ಬೀಜ ಊರಿ, ನೀರು ಬಿಟ್ಟಿದ್ದಳು. ಮೊಣಕಾಲು ಬಗ್ಗದೆ ಬೀಬಿಜಾನ ಹೊಸ್ತಿಲಲ್ಲೇ ಕೂತು ಹೇಳಿದ್ದಳು.

ಮೊದಲನೆಯ ಗುಂಡಿ ಕೆದರಿತ್ತು. ಎರಡನೆಯದೂ ಕೆದರಿತ್ತು. ಮೂರನೆಯದರ ಅಂಚಿನಲ್ಲಿ ಎರಡಾಗಿ ಸೀಳಿದ ಸಿಪ್ಪೆ, ಒಳಗಿನ ತಿರುಳು ಚೊಕ್ಕವಾಗಿ ಮಾಯ. ಸಿಪ್ಪೆಯ ಮೇಲೆ ಸಾಲಾಗಿ ಸಣ್ಣ ಹಲ್ಲಿನ ಗುರುತು.

"ಹೆಂಗ?" ಎಂದಳು ಗೋಡೆಯ ಮೇಲಿನ ಗಿರಿಜವ್ವ. "ನಿಮ್ಮನಿ ಇಲಿಗೂ ಕಿವಿ ಕೇಳಸೂದಿಲ್ಲಲ್ಲ?"

ಬೀಬಿಜಾನ ನೋಯುವ ಕಾಲನ್ನು ಮರೆತು ಕುಕ್ಕರಗಾಲಲ್ಲಿ ಕೂತು, ಆರನೆಯ ಗುಂಡಿಗೆ ಬೆರಳು ಹಾಕಿ ಒಂದು ಇಡೀ ಬೀಜ ಹೊರತೆಗೆದಳು. ಹೆಬ್ಬೆರಳಿನಿಂದ ತಿಕ್ಕಿದಳು. ಮಣ್ಣು ಹೋಯಿತು, ಬೂದಿ ಹೋಯಿತು. ಕೈಗೆ ಜಿಡ್ಡು ಹತ್ತಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಆ ಪುಡಿಯ ಹೆಸರಿಲ್ಲದ ಕಮಟು ವಾಸನೆ ಇರಲಿಲ್ಲ.

ಇದು ಅಡಿಗೆಯ ಬೀಜ.

ಹಾಗಾದರೆ ಆ ಇನ್ನೊಂದು ಚೀಲ?

"ಮದಿನಾ!" ಅವಳ ಕೂಗಿಗೆ ಬಾವಿಯ ಗಿಡದ ಮೇಲಿದ್ದ ಪಾರಿವಾಳ ಹಾರಿದವು. "ಮದಿನಾ, ಬಾ ಇಲ್ಲೆ!"

ಸೊಸೆ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. ಲಗ್ನವಾಗಿ ಎರಡು ವರ್ಷ, ನಿಪ್ಪಾಣಿಯ ಹುಡುಗಿ. ಗಂಡ ತಂಬಾಕಿನ ಲಾರಿ ಹೊಡೆಯುತ್ತಿದ್ದ, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು.

"ಬಿತ್ತೂ ಹಿಂದಿನ ದಿನ ಎರಡೂ ಚೀಲ ಒಗದು ಹಾಕಿದಾಗ ಬೀಜ ಮೊರದಾಗ ಒಣಗಸಿದ್ವಲ್ಲ. ತಿರಗಿ ತುಂಬಿದ್ದು ಹೆಂಗ?"

"ನೀವ ಹೇಳಿದ ಹಂಗ ಅಮ್ಮಾ. ಬಲಕಿನ ಮೊರದ್ದು ನೀಲಿ ಚೀಲಕ್ಕ, ಎಡಕಿಂದು ಬಿಳಿ ಚೀಲಕ್ಕ."

"ಯಾರ ಬಲಕ?"

ಮದಿನಾಬಿ ತನ್ನ ಬಲಗೈ ಎತ್ತಿ ತೋರಿಸಿದಳು. ಆಮೇಲೆ ಆ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು, ಸೊಸೆ ಅಂಗಳದಲ್ಲಿ, ನಡುವೆ ಎರಡು ಮೊರ, ಮುಖಕ್ಕೆ ಮುಖ. ಅತ್ತೆಯ ಬಲ ಸೊಸೆಯ ಎಡ. ಪುಡಿಯ ಮೇಲೂ ಬೂದಿ ಸವರಿದ್ದರಿಂದ ಎರಡು ಮೊರದಲ್ಲೂ ಬೂದಿ ಬಣ್ಣದ ಒಂದೇ ತರದ ಬೀಜ. ಆಗಲೇ ಬಾಗಿಲಲ್ಲಿ ಹುಸೇನನ ತಮ್ಮ ಮೈಬೂಬ ಬಂದು ನಿಂತು, "ಭಾಬಿ, ಶರಬತ್ತಿನ ಬೀಜ ಕೊಡ್ರಿ, ಆಮ್ಯಾಲ ನನಗ ಪುರಸತ್ತ ಇಲ್ಲ" ಎಂದು ಗಡಿಬಿಡಿ ಮಾಡಿದ್ದ. ಬಿಳಿ ಚೀಲ ಅವನ ಕೈಗೆ ಹೋಗಿತ್ತು. ಅರ್ಧ ಸೇರು ಬೀಜ.

ಇವತ್ತಿನ ಇಫ್ತಾರಿನ ಪಾಳಿ ಅವರ ಮನೆಯದು. ಹುಸೇನನ ಹೆಸರಿನಲ್ಲಿ. ರಾತ್ರಿ ನೆನೆಹಾಕಿ, ಮಧ್ಯಾಹ್ನ ಸಿಪ್ಪೆ ಸಮೇತ ರುಬ್ಬಿ, ಅರಿವೆಯಲ್ಲಿ ಸೋಸಿ, ಹಾಲು ಸಕ್ಕರೆ ಬೆರೆಸಿ, ಮಸೂತಿಯ ಅಂಗಳದಲ್ಲಿ ದೊಡ್ಡ ಹಂಡೆ ತುಂಬ ಶರಬತ್ತು ತಯಾರಾಗಿ ಕೂತಿತ್ತು. ನೂರಿಪ್ಪತ್ತು ಮಂದಿಗೆ. ರುಬ್ಬಿದವರು ರೋಜಾದವರು, ಸೋಸಿದವರು ರೋಜಾದವರು. ಹೊತ್ತು ಮುಳುಗುವ ತನಕ ಒಬ್ಬರ ನಾಲಿಗೆಗೂ ಅದು ತಾಗುವ ಹಾಗಿರಲಿಲ್ಲ. ತಾಗುವುದಾದರೆ ಎಲ್ಲರಿಗೂ ಒಂದೇ ಸಲಕ್ಕೆ.

ಬೀಬಿಜಾನ ಪಶ್ಚಿಮಕ್ಕೆ ನೋಡಿದಳು. ಸೂರ್ಯ ಗಿರಿಜವ್ವನ ಕಣಕಿ ಬಣವೆಯ ತುದಿಗೆ ಬಂದಿದ್ದ. ಬಣವೆಯ ಹಿಂದೆ ಇಳಿದನೆಂದರೆ ರೋಜಾ ಬಿಡುವ ಬಾಂಗಿಗೆ ಅರ್ಧ ತಾಸು.

"ನಾ ಓಡ್ತೀನಿ ಅಮ್ಮಾ" ಎಂದಳು ಮದಿನಾಬಿ. ಆದರೆ ಅವಳ ಕಾಲು ಎದ್ದಿರಲಿಲ್ಲ. "ನಾ ಹೋಗಿ ಹೇಳ್ತೀನಿ. ನಾನ... ನನ್ನ ಕೈಯಿಂದ..."

ಬೀಬಿಜಾನ ಅವಳ ಮುಖ ನೋಡಿದಳು. ಎಳೆಗಾಲು, ಓಡಿದರೆ ಐದು ನಿಮಿಷಕ್ಕೆ ಮುಟ್ಟುತ್ತಾಳೆ. ಮುಟ್ಟಿ? ನೂರು ಗಂಡಸರ ಮುಂದೆ ಬಾಯಿ ಬರದೆ ಅಳುತ್ತ ನಿಲ್ಲುತ್ತಾಳೆ. ಬಾಯಿ ಬಂದರೆ ಇನ್ನೂ ಕೆಟ್ಟದ್ದು. ನಿಪ್ಪಾಣಿಯಿಂದ ಬಂದವಳು ಊರಿಗೆ ವಿಷ ಹಾಕಲು ಹೋಗಿದ್ದಳು ಅಂತ ಸಾಯುವ ತನಕ ಹೆಸರು ಉಳಿಯುತ್ತದೆ. ಅವಳಿಗೆ ಹುಟ್ಟುವ ಮಕ್ಕಳಿಗೂ ಉಳಿಯುತ್ತದೆ.

"ನೀ ಮುಂದ ಓಡು. ಮೈಬೂಬ ಕಾಕಾಗ ಇಷ್ಟ ಹೇಳು: ಅಮ್ಮ ಬರೂ ತನಕ ಯಾರೂ ಗ್ಲಾಸ ಮುಟ್ಟಬಾರದಂತ. ಬ್ಯಾರೆ ಒಂದ ಅಕ್ಷರ ನಿನ್ನ ಬಾಯಾಗ ಬಂತಂದ್ರ ನಾಲಿಗಿ ಕಿತ್ತ ಹಾಕ್ತೀನಿ. ಚೀಲ ತುಂಬಿದ್ದು ನಾನು. ತಿಳೀತ?"

"ಅಮ್ಮಾ..."

"ಓಡ!"

ಗಿರಿಜವ್ವನಿಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿದಿತ್ತು. ಒರಳುಕಲ್ಲಿನಿಂದ ಇಳಿದು, ಬೀದಿ ಬಾಗಿಲು ಸುತ್ತಿ ಬಂದು ಬೀಬಿಜಾನಳ ರಟ್ಟೆ ಹಿಡಿದಳು. "ನಮ್ಮನಿಯಾಂವ ಅಲ್ಲೇ ಹೋಗ್ಯಾನಲ್ಲೇ ಯವ್ವಾ! ಬಾಳಿಹಣ್ಣ ಹೊತಗೊಂಡು ಹೋಗ್ಯಾನ. ಅಂವಗ ರೋಜಾನೂ ಇಲ್ಲ, ಸುಡಗಾಡೂ ಇಲ್ಲ, ಹಂಡೆ ಕಂಡ್ರ ಸಾಕು!"

ಇಬ್ಬರೂ ನಡೆದರು. ನಡೆದರು ಅನ್ನುವುದಕ್ಕಿಂತ ಒಬ್ಬಳು ಕುಂಟಿದಳು, ಇನ್ನೊಬ್ಬಳು ಎಳೆದಳು. ಗಿರಣಿ ದಾಟಿ, ಚಾವಡಿ ದಾಟಿ, ಕುಂಬಾರ ಓಣಿ ಹಾಯ್ದು ಹೋಗಬೇಕು. ದಾರಿಯಲ್ಲಿ ಬೀಬಿಜಾನಳ ತಲೆಯಲ್ಲಿ ಇನ್ನೊಂದು ದನಿ ಶುರುವಾಯಿತು. ರಾತ್ರಿಯೆಲ್ಲ ನೆನೆದಿದ್ದಾವಲ್ಲ, ಮೈಬೂಬ ನೀರು ಬದಲಿಸಿರಬಹುದು. ಅರಿವೆಯಲ್ಲಿ ಸೋಸಿದ್ದಾನೆ. ಅರ್ಧ ಸೇರು ಬೀಜ ಅಷ್ಟು ದೊಡ್ಡ ಹಂಡೆಯಲ್ಲಿ ಎಷ್ಟು ಆದೀತು? ಒಂದು ವೇಳೆ ಇಲಿ ಹಸಿದು ಪುಡಿ ಹಚ್ಚಿದ್ದನ್ನೇ ತಿಂದಿದ್ದರೆ? ಆಗ ಗಂಡನ ಹೆಸರಿನ ಶರಬತ್ತನ್ನು ಮಣ್ಣಿಗೆ ಹಾಕಿಸಿದ ಹುಚ್ಚಿ ಆಗುತ್ತಾಳೆ. ಮತ್ತೆ ಆ ದನಿಗೆ ಅವಳೇ ಉತ್ತರ ಹೇಳಿಕೊಂಡಳು: ತೊಳೆದರೂ ಹೋಗಬಾರದು ಅಂತ ಎಣ್ಣೆ ಸವರಿದವಳು ಯಾರು? ನೀನೇ ಅಲ್ಲವೇ?

"ಏನ ಗೊಣಗತಿ, ಕಾಲ ಹಾಕ!" ಎಂದಳು ಗಿರಿಜವ್ವ.

ಮಸೂತಿಯ ಅಂಗಳದ ಬೇವಿನ ಗಿಡದ ಕೆಳಗೆ ಮೂರು ಕಲ್ಲಿನ ಮೇಲೆ ಹಂಡೆ ಕೂತಿತ್ತು. ಅಥಣಿಯಿಂದ ಬಸ್ಸಿನಲ್ಲಿ ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ ತಂದ ಬರ್ಫದ ತುಂಡು ಹಾಲಿನಲ್ಲಿ ತೇಲುತ್ತಿತ್ತು. ಚಾಪೆಯ ಉದ್ದಕ್ಕೂ ಜನ ಕೂತಿದ್ದರು, ಅವರ ಮುಂದೆ ಖಜೂರ, ಬಾಳೆಹಣ್ಣು, ಆಗಲೇ ತುಂಬಿಟ್ಟ ಗ್ಲಾಸುಗಳು. ಮದಿನಾಬಿ ಗೇಟಿನ ಕಂಬಕ್ಕೆ ಆತು ನಿಂತು ಏದುಸಿರು ಬಿಡುತ್ತಿದ್ದಳು. ಮುಲ್ಲಾ ಸಾಹೇಬರು ಮೆಟ್ಟಿಲ ಮೇಲೆ ಕೂತು ಕೈಗಡಿಯಾರ ನೋಡುತ್ತಿದ್ದರು.

ಮೈಬೂಬ ಸೌಟು ಹಿಡಿದೇ ಎದುರು ಬಂದ. "ಏನ ಭಾಬಿ, ಈ ಹುಡಿಗಿ ಗ್ಲಾಸ ಮುಟ್ಟಬ್ಯಾಡ್ರಿ ಅನ್ನಾಕತ್ತಾಳ? ಸಕ್ಕರಿ ಕಡಿಮಿ ಬಿತ್ತಂತ ಮನಿಯಾಗ ಕೂತ ಗೊತ್ತಾತೇನ ನಿಮಗ?"

ಹತ್ತಿರ ಕೂತಿದ್ದವರು ನಕ್ಕರು.

"ಬೀಜ ಅದಲ ಬದಲ ಆಗ್ಯಾವ ಮೈಬೂಬ. ನಿನಗ ಕೊಟ್ಟಿದ್ದು ಬಿತ್ತೂ ಬೀಜ. ವಿಷದ ಪುಡಿ ಹಚ್ಚಿದ್ದು."

ನಗು ನಿಂತಿತು. ಚಾಪೆಯ ಮೇಲಿನ ಜನ ತಮ್ಮ ಮುಂದಿನ ಗ್ಲಾಸನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಚೀಲ ತುಂಬಿದವರ್ಯಾರು?" ಮೈಬೂಬನ ದನಿ ಇಳಿದಿತ್ತು.

"ನಾನ ತುಂಬಿದ್ನಿ."

ಗೇಟಿನ ಕಂಬದ ಹತ್ತಿರ ಬಳೆಗಳ ಸದ್ದಾಯಿತು. ಬೀಬಿಜಾನ ಅತ್ತ ತಿರುಗಲಿಲ್ಲ.

"ಬದಲ ಆಗ್ಯಾವಂತ ಯಾರ ಹೇಳಿದ್ರು ನಿಮಗ?"

"ಇಲಿ ಹೇಳಿದ್ವು. ಹಿತ್ತಲದಾಗ ಬಿತ್ತಿದ್ದೆಲ್ಲ ತಿಂದಾವ. ಪುಡಿ ಇದ್ದಿದ್ರ ತಿಂತಿರಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೈಬೂಬನ ಮುಖ ಕೆಂಪಾಯಿತು. "ಇಲಿ ಮಾತ ಕೇಳಿ ಇಷ್ಟೂ ಮಣ್ಣಿಗೆ ಸುರೂನ? ಭಾಬಿ, ಅಣ್ಣನ ಹೆಸರಲೇ ಮಾಡಿದ್ದು ಇದು. ಮಧ್ಯಾಹ್ನದಿಂದ ಕೈ ಸೋಲೂ ತನಕ ರುಬ್ಬೀವಿ. ಹಸದ ಇಲಿ ಕಬ್ಬಣಾನೂ ಕಡೀತೈತಿ."

"ಎಂಟ ಮಿನಿಟ ಐತಿ" ಎಂದರು ಮುಲ್ಲಾ ಸಾಹೇಬರು ಮೆಟ್ಟಿಲಿನಿಂದ. ಅವರು ಹೇಳಿದ್ದು ಅಷ್ಟೇ.

ಆಗ ಎದ್ದು ಬಂದವನು ಮುರಗೆಪ್ಪ, ಗಿರಿಜವ್ವನ ಗಂಡ. ಪ್ರತಿ ರಮಜಾನಿಗೆ ಒಂದು ದಿನ ತೋಟದ ಬಾಳೆಗೊನೆ ತಂದು, ಕೊನೆಯ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಒಂದು ಗ್ಲಾಸು ಹೆಚ್ಚು ಕುಡಿದು ಹೋಗುವವನು. ತಲೆಯ ಪಟಗಾ ಸರಿಮಾಡಿಕೊಂಡು ನಗುತ್ತ ಹೇಳಿದ:

"ಇದಕ್ಯಾಕ ಇಷ್ಟ ಜಗಳ? ನಿಮಗ ರೋಜಾ ಐತಿ, ನನಗಿಲ್ಲಲ್ಲ. ಒಂದ ಗುಟಕ ನಾ ನೋಡ್ತೀನಿ. ಆ ಪುಡಿ ವಾಸನಿ ನನಗ ಗೊತ್ತೈತಿ, ನಾಲಿಗಿ ಮ್ಯಾಲ ಇಟಗೊಂಡ್ರ ಹೇಳೇ ಬಿಡ್ತೀನಿ."

ಹೇಳುತ್ತಲೇ ಸಾಲಿನಿಂದ ಒಂದು ಗ್ಲಾಸು ಎತ್ತಿಕೊಂಡ. "ಏ ಮುದುಕಾ!" ಎಂದು ಗಿರಿಜವ್ವ ಚೀರಿದಳು. ಗ್ಲಾಸು ಮೀಸೆಗೆ ತಾಗಿತ್ತು. ಬೀಬಿಜಾನ ಎರಡು ಹೆಜ್ಜೆಯಲ್ಲಿ ಅವನನ್ನು ಮುಟ್ಟಿ ಕೈಗೆ ಹೊಡೆದಳು. ಮೊಣಕಾಲಿನ ನೋವು ಆಗ ಎಲ್ಲಿತ್ತೋ. ಗ್ಲಾಸು ಬೇವಿನ ಬೇರಿಗೆ ಬಡಿದು ಚೂರಾಯಿತು, ಬಿಳಿ ಶರಬತ್ತು ಬೇರಿನ ಸಂದಿಯಲ್ಲಿ ಹರಿಯಿತು.

ಕೂತಿದ್ದವರು ಅರ್ಧಕ್ಕೆ ಎದ್ದರು. ಪರಗಂಡಸಿನ ಕೈಗೆ, ಅದೂ ಮಸೂತಿಯ ಅಂಗಳದಲ್ಲಿ.

"ಉಗುಳ ಅಣ್ಣಾ" ಎಂದಳು ಬೀಬಿಜಾನ. "ಮೀಸಿ ಒರಸ್ಕೋ. ಉಗುಳ."

ಮುರಗೆಪ್ಪ ಸಣ್ಣ ಹುಡುಗನ ಹಾಗೆ ಉಗುಳಿದ.

ಯಾರೋ ನೆಲಕ್ಕೆ ಬಗ್ಗಿ ನೋಡಿದರು. "ಇರುವಿ ಬಂದಾವ ನೋಡ್ರಿ." ಬೇರಿನ ಬುಡದಿಂದ ಸಾಲು ಕೆಂಪಿರುವೆ ಹೊರಟು, ಸಿಹಿಯ ಅಂಚಿಗೆ ಬಂದು, ಮೀಸೆ ಆಡಿಸಿ, ಬಾಯಿ ಹಚ್ಚಿದವು. ಒಂದು, ಹತ್ತು, ಐವತ್ತು. ಮೂರು ನಾಲ್ಕು ಜನ ಕುಕ್ಕರಗಾಲಲ್ಲಿ ಕೂತು ನೋಡಿದರು. ಮೈಬೂಬನೂ ಬಗ್ಗಿದ.

"ಕುಡ್ಯಾಕತ್ತಾವ" ಎಂದ ಅವನು. ಎದ್ದು ನಿಂತು ಉಸಿರು ಬಿಟ್ಟ. "ಏನೂ ಆಗಿಲ್ಲ. ಇಲಿ ಒಂದ ಹೇಳ್ತು, ಇರುವಿ ಒಂದ ಹೇಳ್ತು. ಮನಿಗೆ ನಡೀರಿ ಭಾಬಿ. ನಿಮಗ ರೋಜಾ ತಲಿಗೆ ಏರೈತಿ."

ಜನ ಹಗುರಾದರು. ಯಾರೋ ಮಗ್ಗುಲಾಗಿ ಕೂತರು, ಯಾರೋ ಖಜೂರ ಸರಿಪಡಿಸಿದರು. "ಮೂರ ಮಿನಿಟ" ಎಂದರು ಮುಲ್ಲಾ ಸಾಹೇಬರು, ಎದ್ದು ಗಂಟಲು ಸರಿಮಾಡಿಕೊಂಡರು.

ಬೀಬಿಜಾನ ಇರುವೆಗಳನ್ನು ನೋಡಿದಳು. ಕುಡಿಯುತ್ತಲೇ ಇದ್ದವು. ಹಾಗಾದರೆ ತನ್ನದೇ ತಪ್ಪೇ? ಅವಳ ಬಲಗೈಯ ಹೆಬ್ಬೆರಳು ತಾನಾಗಿಯೇ ತೋರುಬೆರಳಿನ ಮೇಲೆ ಆಡಿತು, ಹಿತ್ತಲಿನಲ್ಲಿ ಆ ಬೀಜ ತಿಕ್ಕಿದ ಹಾಗೆ. ಜಿಡ್ಡಿರಲಿಲ್ಲ. ಮೂವತ್ತು ವರ್ಷ ಬೀಜ ಮುಟ್ಟಿದ ಬೆರಳು ಅದು. ಇರುವೆಯನ್ನು ಅವಳು ಅಷ್ಟಾಗಿ ಬಲ್ಲವಳಲ್ಲ. ಬೆರಳನ್ನು ಬಲ್ಲಳು.

ಹಂಡೆಯ ಹತ್ತಿರ ಹೋಗಿ ಎರಡೂ ಕೈಯಿಂದ ಅದರ ಕಂಠ ಹಿಡಿದು ನೂಕಿದಳು. ಅದು ಅಲುಗಲಿಲ್ಲ. ಒಳಗೆ ಬರ್ಫ ಮಾತ್ರ ಗಡಗಡ ಅಂದಿತು.

"ಭಾಬಿ!" ಮೈಬೂಬ ಸೌಟು ಎಸೆದು ಬಂದ. "ಏ, ಹಿಡೀರಿ ಇವರನ್ನ!"

ಆದರೆ ಹೆಂಗಸಿನ ಕೈ ಹಿಡಿಯುವವರು ಯಾರು? ಗಂಡಸರು ಎದ್ದು ಸುತ್ತ ನಿಂತರು, ಅಷ್ಟೇ. ಬೀಬಿಜಾನ ಮತ್ತೆ ನೂಕಿದಳು. ಆಗ ಅವಳ ಕೈಯ ಪಕ್ಕದಲ್ಲಿ ಹಸಿರು ಬಳೆಯ ಇನ್ನೆರಡು ಕೈ ಬಂದವು. ಮದಿನಾಬಿ. ಅಳುತ್ತಿದ್ದಳು, ಆದರೆ ಹಲ್ಲು ಕಚ್ಚಿದ್ದಳು. ಆಚೆ ಕಡೆಯಿಂದ ಗಿರಿಜವ್ವ ಸೀರೆ ಸಿಕ್ಕಿಸಿಕೊಂಡು ಭುಜ ಕೊಟ್ಟಳು. "ಹೂಂ, ನೂಕ ಬೇ! ಬಸವಣ್ಣನ ನೆನಸಿ ನೂಕ, ನಿನ್ನ ಅಲ್ಲಾನ ನೆನಸಿ ನೂಕ, ಯಾರಾದ್ರೂ ಒಬ್ಬರ ಬರಲಿ!"

ಹಂಡೆ ಒಂದು ಕಲ್ಲಿನಿಂದ ಜಾರಿತು, ವಾಲಿತು, ಉರುಳಿತು. ಹಾಲು ಬಣ್ಣದ ಹೊಳೆ ಅಂಗಳದ ಇಳಿಜಾರಿಗೆ ಹರಿಯಿತು. ಬರ್ಫದ ತುಂಡು ತೇಲಿ ಹೋಗಿ ಗೇಟಿನ ಕಲ್ಲಿಗೆ ತಾಗಿ ನಿಂತಿತು.

ಈಗ ಉಳಿದದ್ದು ಗ್ಲಾಸುಗಳು. ಅರವತ್ತೋ ಎಪ್ಪತ್ತೋ, ಸಾಲಾಗಿ, ತುಂಬಿ, ಒಣಗಿದ ಬಾಯಿಗಳ ಮುಂದೆ. ಅವನ್ನೆಲ್ಲ ಚೆಲ್ಲುವ ಶಕ್ತಿ ಬೀಬಿಜಾನಳಲ್ಲಿ ಇರಲಿಲ್ಲ. ಅವಳು ಮುಲ್ಲಾ ಸಾಹೇಬರ ಕಡೆ ನೋಡಿದಳು.

ಮುಲ್ಲಾ ಸಾಹೇಬರು ಗಡಿಯಾರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ತನ್ನ ಮನಿ ಶರಬತ್ತು, ತನ್ನ ಗಂಡನ ಹೆಸರು, ತಾನ ಉರಳಸ್ಯಾಳ" ಎಂದರು ನಿಧಾನಕ್ಕೆ. "ಕೇಳ್ರಿ ಎಲ್ಲಾರೂ. ಖಜೂರ ತಗೋರಿ, ನಳದ ನೀರ ತಗೋರಿ. ಗ್ಲಾಸ ಯಾರೂ ಮುಟ್ಟಬ್ಯಾಡ್ರಿ." ಆಮೇಲೆ ಕಿವಿಗೆ ಕೈ ಇಟ್ಟು ಬಾಂಗ್ ಕೊಟ್ಟರು.

ಬೀಬಿಜಾನ ಗೇಟಿನ ಹೊರಗೆ ಕಟ್ಟೆಯ ಮೇಲೆ ಕುಸಿದು ಕೂತಳು. ಗಿರಿಜವ್ವ ಎಲ್ಲಿಂದಲೋ ಒಂದು ತಂಬಿಗೆ ನೀರು, ಅರ್ಧ ಬಾಳೆಹಣ್ಣು ತಂದು ಬಾಯಿಗೆ ಹಿಡಿದಳು. ಒಳಗೆ ಜನ ಬಾಯಿ ತೊಯಿಸಿಕೊಂಡು ನಮಾಜಿಗೆ ನಿಂತರು. ಮೈಬೂಬ ಅವಳ ಕಡೆ ಒಂದು ಸಲವೂ ನೋಡದೆ ಹೋದ. ನಾಳೆಯಿಂದ ಏನು ಎಂದು ಬೀಬಿಜಾನ ಯೋಚಿಸಲಿಲ್ಲ. ಮದಿನಾಬಿ ಅವಳ ಮೊಣಕಾಲು ಹಿಡಿದು ಸದ್ದಿಲ್ಲದೆ ಒತ್ತುತ್ತಿದ್ದಳು, ಅದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು.

ನಮಾಜಿಗೆ ಹೋಗದವನು ಮುರಗೆಪ್ಪ ಒಬ್ಬನೇ. ಬೇವಿನ ಬುಡದಲ್ಲಿ ಕೂತವನು ಏಳಲೇ ಇಲ್ಲ. ನಮಾಜು ಮುಗಿದು ಜನ ಹೊರಗೆ ಬರುವಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅವನು ತಲೆಯೆತ್ತಿ, "ಮೈಬೂಬ್‌ಸಾಬ, ಸ್ವಲ್ಪ ಬರ್ರಿ ಇಲ್ಲೆ" ಎಂದು ಕರೆದ. ಅವನ ದನಿಯಲ್ಲಿ ನಗುವಿರಲಿಲ್ಲ.

ಬೇರಿನ ಸಂದಿಯ ಸುತ್ತ ಇರುವೆಗಳು ಚೆಲ್ಲಿದ ಎಳ್ಳಿನ ಹಾಗೆ ಬಿದ್ದಿದ್ದವು. ಕಾಲು ಮುದುರಿಕೊಂಡು, ಅಂಗಾತ. ಸಾಲು ಹೊರಟ ತೂತಿನ ತನಕ ಬಿದ್ದಿದ್ದವು. ಒಂದೆರಡು ಇನ್ನೂ ಗಿರಗಿರ ಸುತ್ತುತ್ತಿದ್ದವು.

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದವನು ಗೋಡೆಯ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ, ಹೊಟ್ಟೆಯಲ್ಲಿ ಖಜೂರ ಬಿಟ್ಟು ಬೇರೇನೂ ಇರಲಿಲ್ಲವಾದರೂ.

ಮೈಬೂಬ ಹೊರಗೆ ಬಂದು ಅತ್ತಿಗೆಯ ಮುಂದೆ ನಿಂತ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಭಾಬಿ, ರುಬ್ಬುವಾಗ ಒಂದ ನಮೂನಿ ವಾಸನಿ ಬಂದಿತ್ತು" ಎಂದ ನೆಲ ನೋಡುತ್ತ. "ಹಳೇ ಬೀಜ ಇರಬೇಕಂತ ಬಡೇಸೋಪು ಒಂದ ಹಿಡಿ ಜಾಸ್ತಿ ಹಾಕಿದ್ನಿ. ಘಮಕ್ಕ ಕೇವಡಾ ನೀರ ಒಂದ ಬಾಟ್ಲಿ ಸುರದ್ನಿ. ನಾನ ಸುರದ್ನಿ."

ಬೀಬಿಜಾನ ಅವನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನೀರ ಕುಡದೀಯೋ ಇಲ್ಲೋ?" ಎಂದು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ತಂಬಿಗೆ ಅವನ ಕೈಗೆ ಕೊಟ್ಟಳು.

ಆ ರಾತ್ರಿಯೇ ಅಂಗಳದ ಮಣ್ಣು ಕೆರೆದು, ಎರಡೂ ಚೀಲ, ಅದರಲ್ಲಿ ಮಿಕ್ಕ ಬೀಜ ಸಮೇತ ಊರಾಚೆ ಹೂಳಿದರು. ಹಂಡೆ, ಗ್ಲಾಸು, ಒರಳು ಎಲ್ಲ ಬೂದಿ ಹಚ್ಚಿ ಮೂರು ಸಲ ತಿಕ್ಕಿದರು. ಊರಲ್ಲಿ ಮಾತು ಹುಟ್ಟದೆ ಇರಲಿಲ್ಲ. ಮುಪ್ಪಿಗೆ ಕಣ್ಣು ಮಂಜಾಗಿ ಚೀಲ ಬದಲು ಮಾಡಿದಳು ಎಂದರು, ಇನ್ನು ಆ ಮನೆಯ ನೀರು ಕುಡಿಯುವುದೂ ಕಷ್ಟ ಎಂದರು. ಬೀಬಿಜಾನ ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು. ಒಂದು ದಿನ ಮದಿನಾಬಿ ತಡೆಯಲಾರದೆ ಗೋಡೆಯ ಹತ್ತಿರ ಚೀಲದ ನಿಜ ಹೇಳಲು ಬಾಯಿ ತೆರೆದಾಗ, ಒರಳುಕಲ್ಲಿನ ಮೇಲೆ ನಿಂತಿದ್ದ ಗಿರಿಜವ್ವ, "ನನಗೆಲ್ಲಾ ಗೊತ್ತೈತಿ, ಬಾಯಿ ಮುಚ್ಚ" ಎಂದು ಮಜ್ಜಿಗೆ ಚರಿಗೆ ದಾಟಿಸಿದಳು. ಮಾತು ಅಲ್ಲಿಗೇ ಮುಗಿಯಿತು.

ತವರಿನ ದಪ್ಪ ಬೀಜವೆಲ್ಲ ಹಂಡೆಗೆ ಹೋಗಿತ್ತು. ಉಳಿದದ್ದು ಇಲಿ ತಿಂದು ಬಿಟ್ಟ ಅಡಿಗೆಯ ಬೀಜ. ಮೂರು ಗುಂಡಿಯಲ್ಲಿ ಒಂಬತ್ತು ಸಿಕ್ಕವು. ಅವನ್ನೇ ಮತ್ತೆ ಊರಿ, ಸುತ್ತ ಬೋರೆಗಿಡದ ಮುಳ್ಳು ಹಾಸಿ, ಮುರಗೆಪ್ಪ ಕೊಟ್ಟ ಇಲಿಬೋನು ಇಟ್ಟು, ಅತ್ತೆ ಸೊಸೆ ಪಾಳಿ ಹಚ್ಚಿ ಕಾದರು. ಎಂಟನೆಯ ದಿನ ಆರು ಮೊಳಕೆ ತಲೆಯ ಮೇಲೆ ಸಿಪ್ಪೆಯ ಟೋಪಿ ಹೊತ್ತು ಎದ್ದವು.

ಮೇ ತಿಂಗಳಲ್ಲಿ ಮೊದಲನೆಯ ಹಣ್ಣು ತಾನಾಗಿಯೇ ತೊಟ್ಟು ಬಿಟ್ಟಿತು. ಮೊದಲಿನಷ್ಟು ದೊಡ್ಡದಿರಲಿಲ್ಲ. ವಾಸನೆ ಮಾತ್ರ ಬೀದಿಗೆ ಹೋಗಿತ್ತು. ಬೀಬಿಜಾನ ಬೀಜ ತೆಗೆದು ನೀರಿಗೆ ಹಾಕಿದಳು. ತಳ ಸೇರಿದವನ್ನು ಮದಿನಾಬಿ ಬಟ್ಟೆಗೆ ಹಾಕುವ ನೀಲಿಯ ಬೋಗುಣಿಯಲ್ಲಿ ಅದ್ದಿದಳು. ಅದು ಅವಳದೇ ಹೂಟ: ಇನ್ನು ಮೇಲೆ ಬಿತ್ತುವ ಬೀಜ ನೀಲಿ, ಕುರುಡರಿಗೂ ಗೊತ್ತಾಗಬೇಕು. ಉಳಿದವನ್ನು ರುಬ್ಬಿ, ಸೋಸಿ, ಬೆಲ್ಲ ಹಾಕಿ ಒಂದು ಚರಿಗೆ ಶರಬತ್ತು ಮಾಡಿದರು.

"ಮುರಗೆಪ್ಪಣ್ಣಾ!" ಬೀಬಿಜಾನ ಗೋಡೆಯ ಕಡೆ ಕೂಗಿದಳು. "ನಿನ್ನ ಗ್ಲಾಸ ಒಂದ ನನ್ನ ಕಡೆ ಉಳದೈತಿ, ಬಾ."

ಮುರಗೆಪ್ಪ ಬಂದ, ಹಿಂದೆ ಗಿರಿಜವ್ವ ಬಂದಳು. ಅವನು ಗ್ಲಾಸು ತೆಗೆದುಕೊಂಡು ಮೂಸಿದ, ಬೆಳಕಿಗೆ ಹಿಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಬಗ್ಗಿ, ಬಾವಿಕಟ್ಟೆಯ ಬಿರುಕಿನ ಹತ್ತಿರ, ಇರುವೆಯ ಸಾಲಿನ ಮೇಲೆ ಒಂದು ಹನಿ ಬಿಟ್ಟ.

"ಥೂ, ಮುದುಕಾ!" ಗಿರಿಜವ್ವನಿಗೆ ನಾಚಿಕೆಯಾಯಿತು. "ಕರದ ಕೊಟ್ರ ಹಿಂಗ ಮಾಡ್ತಾರೇನ? ಕುಡಿ!"

"ಇರಲಿ ಬಿಡ ಗಿರಿಜಾ" ಎಂದಳು ಬೀಬಿಜಾನ. ಅವಳೂ ಗೋಡೆ ಹಿಡಿದು ಮೆಲ್ಲಗೆ ಕೂತಳು. ಮದಿನಾಬಿ ನೀಲಿ ಹತ್ತಿದ ಕೈ ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ಬಯ್ಯುತ್ತಿದ್ದ ಗಿರಿಜವ್ವನೂ ಕೊನೆಗೆ ಬಗ್ಗಿದಳು. ನಾಲ್ವರೂ ಆ ಹನಿಯನ್ನೇ ನೋಡುತ್ತ ಕೂತರು.

ಇರುವೆಗಳು ಬಂದವು, ಮೀಸೆ ಆಡಿಸಿದವು, ಕುಡಿದವು. ಗ್ಲಾಸಿನಲ್ಲಿ ಶರಬತ್ತು ಬೆಚ್ಚಗಾಗುತ್ತಿತ್ತು. ಯಾರಿಗೂ ಅವಸರವಿರಲಿಲ್ಲ. ಹನಿ ಆರಿ ನೆಲದಲ್ಲಿ ಬರೀ ಕಲೆ ಉಳಿಯಿತು. ಹೊಟ್ಟೆ ತುಂಬಿದ ಇರುವೆಗಳು ಒಂದರ ಹಿಂದೆ ಒಂದು ತಮ್ಮ ಬಿರುಕಿನ ಕಡೆ ತಿರುಗಿ ನಡೆದವು. ಕೊನೆಯದು ಒಳಗೆ ಹೋಗುವ ತನಕ ಮುರಗೆಪ್ಪ ಕಾದ. ಆಮೇಲೆ ಗ್ಲಾಸು ಎತ್ತಿದ.

"ಸಕ್ಕರಿ ಹಾಕಬೇಕಿತ್ತ ತಂಗಿ" ಎಂದ ಮೀಸೆ ಒರೆಸಿಕೊಂಡು. "ಇನ್ನೊಂದ ಗ್ಲಾಸ ಹಾಕ, ನೋಡೂಣು."